ಕೋಲ್ವಾದಲ್ಲಿ ಮೇ ತಿಂಗಳು

ಮಡಗಾಂವ್, 12 ಮೇ 2024, ಭಾನುವಾರ

ಬೆಳಿಗ್ಗೆ ಬೇಗ ಎದ್ದು ದಕ್ಷಿಣ ಗೋವಾದ ಕೋಲ್ವಾ ಬೀಚಿಗೆ ಹೋಗಿ ಬಂದೆವು. ನಮ್ಮ ಮನೆಯಿಂದ ಆರೇಳು ಕಿಲೋಮೀಟರ್ ಅಷ್ಟೇ. ಆದರೆ ಈ ಸೆಕೆಗೆ ಒಂಬತ್ತರ ಮೇಲೆ ಮರಳಿನ ಮೇಲೆ ಕಾಲಿಡುವುದು ಕಷ್ಟ. ನಾವು ಹೋಗುವಷ್ಟರಲ್ಲಿ ನೀರಿನಲ್ಲಿ ಆಗಲೇ ಜನ ಇದ್ದರು. ಹೊರಗಿನ ಪ್ರವಾಸಿಗರಲ್ಲ, ಒಳನಾಡಿನ ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ಬಂದ ಗೋವಾದವರೇ. ಅಜ್ಜಿಯರು ನೈಟಿಯಲ್ಲೇ ದಡದ ಅಲೆಗೆ ಮೈಯೊಡ್ಡಿ ಕೂತಿದ್ದರು. ಮೇ ತಿಂಗಳ ಉಪ್ಪುನೀರಿನ ಸ್ನಾನ ಕೈಕಾಲು ನೋವಿಗೆ ಒಳ್ಳೆಯದು ಅನ್ನುವುದು ಇಲ್ಲಿನವರ ಗಟ್ಟಿ ನಂಬಿಕೆ.

ಕೋಲ್ವಾ ರಜೆಯ ಊರಾಗಿದ್ದೇ ಹೀಗೆ. ಪೋರ್ಚುಗೀಸರ ಕಾಲದಲ್ಲಿ ಮಡಗಾಂವದ ಅನುಕೂಲಸ್ಥರು ಏಪ್ರಿಲ್, ಮೇ ಬಂತೆಂದರೆ ಸಂಸಾರ ಸಮೇತ ಇಲ್ಲಿಗೆ ಬಂದುಬಿಡುತ್ತಿದ್ದರು. ಇದಕ್ಕೆ ಮುದಾನ್ಸಾ ಅನ್ನುತ್ತಿದ್ದರು. ಒಂದೆರಡು ದಿನದ ಮಾತಲ್ಲ, ಮನೆಯನ್ನೇ ಸಮುದ್ರದ ಹತ್ತಿರ ತಂದಿಟ್ಟ ಹಾಗೆ. ಮಳೆ ಹತ್ತಿರ ಬಂದ ಕೂಡಲೇ ಗಂಟುಮೂಟೆ ಕಟ್ಟಿ ವಾಪಸ್. ಉಳಿದ ತಿಂಗಳೆಲ್ಲ ಊರು ಮೀನುಗಾರರದು, ತೆಂಗಿನ ತೋಟದವರದು.

ಈಗ ಸೀಸನ್ ತಿರುಗಿಬಿಟ್ಟಿದೆ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು. ಆಮೇಲೆ ಬಂದ ಹಿಪ್ಪಿಗಳ ಗದ್ದಲ ಹೆಚ್ಚಾಗಿ ಉತ್ತರದ ಅಂಜುನಾ, ಕಲಂಗುಟ್ ಕಡೆ. ದಕ್ಷಿಣ ತಡವಾಗಿ ಬದಲಾಯಿತು. 1980ರ ದಶಕದ ಕೊನೆಯಲ್ಲಿ ಯುರೋಪಿನ ಪ್ರವಾಸಿಗರನ್ನು ಹೊತ್ತ ಚಾರ್ಟರ್ ವಿಮಾನಗಳು ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಇಳಿಯತೊಡಗಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಚಳಿಗಾಲವೇ ದುಡಿಮೆಯ ಕಾಲವಾಯಿತು. ಮಳೆಗಾಲಕ್ಕೆ ಮುಂಚೆ ಬಿದಿರು, ತೆಂಗಿನ ಗರಿಯ ಶ್ಯಾಕ್‌ಗಳನ್ನೆಲ್ಲ, ಅಂದರೆ ಬೀಚಿನ ತಾತ್ಕಾಲಿಕ ಹೋಟೆಲುಗಳನ್ನು, ಬಿಚ್ಚಿಡಬೇಕು. ಇವತ್ತು ಒಂದು ಕಡೆ ಆ ಕೆಲಸ ಆಗಲೇ ಶುರುವಾಗಿತ್ತು. ಗಳ ಹೊರುತ್ತಿದ್ದ ಹುಡುಗರ ಮಾತು ಕಿವಿಗೆ ಬಿತ್ತು. ಅಚ್ಚ ಹಾವೇರಿ ಕಡೆಯ ಕನ್ನಡ.

ಸ್ವಲ್ಪ ದಕ್ಷಿಣಕ್ಕೆ ನಡೆದೆವು. ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು! ಎಷ್ಟು ಖುಷಿಯಾಯಿತು ಅಂದರೆ, ಹತ್ತಿರ ಹೋಗಿ ಹಗ್ಗಕ್ಕೆ ನಾನೂ ಕೈ ಹಾಕಿದೆ. ದೋಣಿ ದಡದಿಂದ ಹೊರಟು ಅರ್ಧ ಚಂದ್ರದ ಹಾಗೆ ಬಲೆ ಬಿಡುತ್ತಾ ಹೋಗಿ, ದೂರದಲ್ಲಿ ಮತ್ತೆ ದಡಕ್ಕೆ ಬರುತ್ತದೆ. ಆಮೇಲೆ ಎರಡು ತುದಿಯಿಂದ ಎರಡು ಗುಂಪು ಎಳೆಯಬೇಕು. ಎಳೆಯುತ್ತಾ ಎರಡೂ ಗುಂಪು ಹತ್ತಿರ ಹತ್ತಿರ ಬರುತ್ತವೆ. ಬಂಗುಡೆ, ತಾರ್ಲೆ ಮೀನು ದಂಡಾಗಿ ದಡದ ಬಳಿ ಬಂದಾಗಲೇ ಈ ಬಲೆಗೆ ಕೆಲಸ. ಒಬ್ಬಿಬ್ಬರಿಂದ ಆಗುವುದಲ್ಲ, ಕೇರಿಯ ಜನವೆಲ್ಲ ಬೇಕು. ಎಳೆದವರಿಗೆಲ್ಲ ಪಾಲು.

ನಮ್ಮ ಕುಮಟಾ ಕಡೆಯೂ ಇದೇ ಬಲೆ ಇತ್ತು. 1970ರ ದಶಕದಲ್ಲಿ ದೊಡ್ಡ ಸುತ್ತುಬಲೆ ಹಾಕುವ ಪರ್ಸೀನ್ ಯಂತ್ರದೋಣಿಗಳು ಬಂದವು, ರಂಪಣಿ ಮೂಲೆಗೆ ಬಿತ್ತು. ಗೋವಾದಲ್ಲೂ ಅದೇ ದಶಕದಲ್ಲಿ ಟ್ರಾಲರ್ ಎಂಬ ಯಂತ್ರದೋಣಿಗಳು ದಡದ ಹತ್ತಿರವೇ ಬಂದು ಮೀನು ಬಾಚತೊಡಗಿದವು. ಆದರೆ ಇಲ್ಲಿನ ರಾಂಪಣಕಾರರು, ಅಂದರೆ ರಂಪಣಿ ಎಳೆಯುವ ಮೀನುಗಾರರು, ಸುಮ್ಮನೆ ಕೂರಲಿಲ್ಲ. ಮತಾನ್ಹಿ ಸಲ್ಡಾನ್ಹಾ ಅವರ ಮುಂದಾಳತ್ವದಲ್ಲಿ ಬೀದಿಗಿಳಿದರು, ವರ್ಷಗಟ್ಟಲೆ ಹೋರಾಡಿದರು. ದಡದ ಹತ್ತಿರದ ನೀರು ಸಾಂಪ್ರದಾಯಿಕ ಮೀನುಗಾರರಿಗೇ ಇರಲಿ ಎಂಬುದು ಅವರ ಬೇಡಿಕೆ. ಗೋವಾದ 1980ರ ಮೀನುಗಾರಿಕೆ ಕಾನೂನಿನ ಹಿಂದೆ ಈ ಹೋರಾಟದ ಬಲ ಇದೆ. ಕೋಲ್ವಾಕ್ಕೆ ಬಂದು ಸೂರ್ಯಾಸ್ತದ ಫೋಟೋ ತೆಗೆದುಕೊಂಡು ಹೋಗುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು. ಬೀಚ್‌ನ ಸರ್ಕಲ್‌ನಲ್ಲಿ ಈ ಹೋರಾಟದ ಬಗ್ಗೆ ಒಂದು ದೊಡ್ಡ ಫಲಕ ಇರಬೇಕು. ಇನ್ನೊಂದು ಬೇಜಾರು, ಸಮುದ್ರಕ್ಕೆ ಸೇರುವ ಇಲ್ಲಿನ ತೊರೆ. ಕೊಳಚೆ ನೀರು ಸೇರಿ ಇವತ್ತೂ ನಾರುತ್ತಿತ್ತು. ಆ ನೀರು ಹೋಗುವುದು ಅಜ್ಜಿಯರು ಸ್ನಾನ ಮಾಡುವ ಸಮುದ್ರಕ್ಕೇ ಅಲ್ವಾ?

ವಾಪಸ್ ಬರುವಾಗ ಚರ್ಚ್ ಹತ್ತಿರ ನಿಂತೆವು. ಬಿಳಿ ಗೋಡೆಯ ಅವರ್ ಲೇಡಿ ಆಫ್ ಮರ್ಸಿ ಚರ್ಚ್. ಇಲ್ಲಿನ ಬಾಲ ಯೇಸುವಿನ ಮೂರ್ತಿಗೆ ಮೆನೀನೊ ಜೆಜುಸ್ ಅನ್ನುತ್ತಾರೆ. 17ನೇ ಶತಮಾನದಲ್ಲಿ ಬೆಂತೊ ಫೆರೈರಾ ಎಂಬ ಪಾದ್ರಿ ಆಫ್ರಿಕಾದ ಮೊಜಾಂಬಿಕ್ ಕಡೆಯಿಂದ ಆ ಮೂರ್ತಿ ತಂದರು. 1834ರಲ್ಲಿ ಪೋರ್ಚುಗಲ್ ಸರ್ಕಾರ ಪಾದ್ರಿಗಳ ಸಂಘಗಳನ್ನು ರದ್ದು ಮಾಡಿತು. ಆ ಗಲಾಟೆಯಲ್ಲಿ ಮೂರ್ತಿ ಪಾದ್ರಿಗಳಾಗುವವರು ಓದುವ ರಾಶೋಲ್ ಸೆಮಿನರಿಗೆ ಹೋಯಿತು, ಮತ್ತೆ ಬರಲಿಲ್ಲ. ಊರಿನವರು ಬೇರೆ ಮೂರ್ತಿ ಇಟ್ಟರು. ಹಳೆಯ ಮೂರ್ತಿಯ ಉಂಗುರವೇ ಹೊಸದರ ಬೆರಳಿಗೆ ಬಂತು ಎಂದು ಕಥೆ. ವರ್ಷಕ್ಕೊಮ್ಮೆ, ಅಕ್ಟೋಬರಿನ ಫಾಮಾ ಹಬ್ಬಕ್ಕೆ, ಮೂರ್ತಿಯನ್ನು ಜನರ ದರ್ಶನಕ್ಕೆ ಹೊರಗೆ ತರುತ್ತಾರೆ. ಹಿಂದೂಗಳೂ ಹೋಗಿ ಹರಕೆ ಒಪ್ಪಿಸುತ್ತಾರೆ.

ಚರ್ಚ್ ರಸ್ತೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಹಿಡಿದ ಲಂಬಾಣಿ ಹೆಂಗಸೊಬ್ಬರು ಸಿಕ್ಕರು. ಗದಗ ಕಡೆಯವರು. ಕನ್ನಡ ಕೇಳಿದ್ದೇ ಮುಖ ಅರಳಿತು.

"ಊರಿಗೆ ಯಾವಾಗ ಹೋಗ್ತೀರಿ?" ಅಂದೆ.

"ಮಿರಗ ಮಳಿ ಹಿಡಿಯೂದ್ರಾಗ ಹೋಗ್ತೀವ್ರಿ ಅಕ್ಕಾರ. ಹೊಲ ಬಿತ್ತಬೇಕಲ್ರಿ. ಇಲ್ಲಿ ಮಳ್ಯಾಗ ಯಾರ್ ತಗೋತಾರ?"

ಒಣಭೂಮಿಯ ಬಿತ್ತನೆಯೂ ಈ ಊರಿನ ಸೀಸನ್ನೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿವೆ. ಶ್ಯಾಕ್ ಬಿಚ್ಚುವ ಹುಡುಗರದೂ ಅದೇ ಲೆಕ್ಕ. ಮಳೆಗಾಲದಲ್ಲಿ ಹೊಲ, ಚಳಿಗಾಲದಲ್ಲಿ ಸಮುದ್ರ. ಕೋಲ್ವಾದ ಇತಿಹಾಸ ಬರೆಯುವವರು ಇವರನ್ನೂ ಬರೆಯಬೇಕು.

ಒಂದು ಜೊತೆ ಗೆಜ್ಜೆ ತೆಗೆದುಕೊಂಡೆ. ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದ್ದಕ್ಕೆ, "ಫಾಮಾಕ್ಕ ಬಂದ ಬರ್ತೀವ್ರಿ, ಆ ಜಾತ್ರ್ಯಾಗ ಯಾಪಾರ ಚಲೋ ಆಗ್ತೈತಿ" ಅಂದರು. ಆ ದಿನ ಚರ್ಚ್ ಮುಂದೆಯೇ ಕೂರುತ್ತಾರಂತೆ. ನಮ್ಮತ್ತೆಯನ್ನೂ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ.