ಮಗುವಿನ ತೂಕ ನೋಡಿದರು, ತಾಯಿಯನ್ನು ಯಾರೂ ಕೇಳಲಿಲ್ಲ

ತಂಗಿ ಹೆರಿಗೆಗೆ ಅಂತ ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದಳು. ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸೋಕೆ ಅವಳ ಜೊತೆ ನಾನೇ ಆಸ್ಪತ್ರೆಗೆ ಹೋಗಿದ್ದೆ. ತೂಕ ನೋಡಿದರು, ತಲೆ ಸುತ್ತಳತೆ ತೆಗೆದರು, ಹಾಲು ಸಾಕಾಗುತ್ತಾ ಅಂತ ಕೇಳಿದರು, ಹತ್ತನೇ ವಾರಕ್ಕೆ ಬನ್ನಿ ಅಂತ ಕಳಿಸಿದರು. ಮಗು ಮಲಗಿದ್ದಾಗಲೂ ನಿದ್ದೆ ಬಾರದೆ, ಸರಿಯಾಗಿ ಊಟ ಮಾಡದೆ ಸೊರಗಿದ್ದ ತಾಯಿ ಅವರ ಎದುರಿಗೇ ಕೂತಿದ್ದಳು. ನೀನು ಹೇಗಿದ್ದೀಯಮ್ಮ ಅಂತ ಒಂದು ಮಾತಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಅವಳು, "ಅಕ್ಕಾ, ಈ ಮಗೂನ ನೀನೇ ನೋಡ್ಕೋ, ನಾನು ಇದ್ದೂ ಪ್ರಯೋಜನ ಇಲ್ಲ" ಅಂದಳು.

ಮನೆಯಲ್ಲಿ ಅಮ್ಮ ದೃಷ್ಟಿ ತೆಗೆದರು. ಬಾಣಂತಿ ಅಳಬಾರದು, ಹಾಲು ಬತ್ತುತ್ತೆ ಅಂದರು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬಾಣಂತನಕ್ಕೆ ಏನೂ ಕಡಿಮೆ ಮಾಡಿರಲಿಲ್ಲ. ಮನಸ್ಸಿಗೂ ಆರೈಕೆ ಬೇಕು ಅಂತ ಅವರಿಗೆ ಯಾರು ಹೇಳಿದ್ದರು?

ಆ ಸಂಜೆ ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ತಡ ಮಾಡಬೇಡಿ ಅಂದರು. ಮಾರನೇ ದಿನ ನಿಮ್ಹಾನ್ಸ್‌ಗೆ ಹೋದೆವು. ಅಡ್ಮಿಟ್ ಮಾಡ್ಕೊಂಡರೆ ಹಾಲು ಕುಡಿಯೋ ಕೂಸಿನ ಗತಿ ಏನು ಅಂತ ಅಮ್ಮನಿಗೆ ದಾರಿಯುದ್ದಕ್ಕೂ ಭಯ. ಆದರೆ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಅಲ್ಲಿ 2009ರಿಂದಲೇ ಇದೆ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ನಮಗೆ ಅಡ್ಮಿಟ್ ಮಾಡುವ ಅಗತ್ಯ ಬರಲಿಲ್ಲ. ಡಾಕ್ಟರ್ ಕೇಳಿದ್ದು ತುಂಬಾ ಸರಳ ಪ್ರಶ್ನೆಗಳು. ನಗು ಬರುತ್ತಾ? ಸುಮ್ಸುಮ್ನೆ ಭಯ ಆಗುತ್ತಾ? ಸತ್ತುಹೋಗಬೇಕು ಅನ್ನಿಸಿದೆಯಾ? ತಂಗಿ ಅಳುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟಳು. ಹಾಲು ಕುಡಿಸುವಾಗಲೂ ತಗೋಬಹುದಾದ ಮಾತ್ರೆ ಬರೆದರು.

ಬಾಣಂತಿಯರ ಖಿನ್ನತೆ ಗುರುತಿಸೋಕೆ ಇಂಥ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ 1987ರಿಂದ ಇದೆ, ಕನ್ನಡದಲ್ಲೂ ಇದೆ, ಐದು ನಿಮಿಷ ಸಾಕು. ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2017ರ ವರದಿಯೊಂದರ ಪ್ರಕಾರ ಸುಮಾರು 22% ಬಾಣಂತಿಯರಿಗೆ ಖಿನ್ನತೆ ಕಾಡುತ್ತೆ. ಇಷ್ಟು ಜನರಿಗೆ ಬರುವುದನ್ನು ಕೇಳದೇ ಬಿಡೋದು ಹೇಗೆ ಸರಿ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಕಾನೂನು ಮಾಡಿ, ಬಸುರಿ ಬಾಣಂತಿಯರನ್ನು ನೋಡುವ ಡಾಕ್ಟರುಗಳು ಈ ತಪಾಸಣೆಯನ್ನೂ ನೋಡಿಕೊಳ್ಳಬೇಕು ಅಂತ ಮಾಡಿದರು. ನಮ್ಮಲ್ಲೂ ಅಂಥ ಕಾಯ್ದೆ ಬೇಕು ಅಂತ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿಗೆ ತಾಯಿ ಹೇಗೂ ಬಂದೇ ಬರುತ್ತಾಳೆ ಅಲ್ವಾ, ಆಗಲೇ ಕೇಳಲಿ, ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಪುಟ ಇರಲಿ.

ತಂಗಿ ಈಗ ಎಷ್ಟೋ ವಾಸಿ, ಮಾತ್ರೆ ಇನ್ನೂ ನಡೀತಿದೆ. ನಮಗಾದರೆ ನಿಮ್ಹಾನ್ಸ್ ಊರಲ್ಲೇ ಇತ್ತು. ಬಾಗೇಪಲ್ಲಿ ಕಡೆಯ ಬಾಣಂತಿ ಹಸುಗೂಸು ಎತ್ಕೊಂಡು ಬಸ್ ಹತ್ತಿ ಹೊಸೂರು ರಸ್ತೆವರೆಗೆ ಬರಬೇಕು ಅಂದರೆ ಆಗಲ್ಲ, ಅದಕ್ಕೇ ಪ್ರಶ್ನೆ ಕೇಳೋದರ ಜೊತೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು ಅನ್ನೋದನ್ನೂ ಪತ್ರದಲ್ಲಿ ಸೇರಿಸಿದ್ದೇನೆ.