ಗುತ್ತಿಯ ನೀಲಿ ಜೇಡವೂ ಗಾಜಿನ ಪೆಟ್ಟಿಗೆಯೂ

ಮರದ ಮೇಲೆ ಬದುಕುವ ಟ್ಯಾರಂಟುಲಾಗಳಲ್ಲಿ, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡಗಳಲ್ಲಿ, ಸಾಕುವವರನ್ನು ಬಹಳವಾಗಿ ಸೆಳೆದಿರುವುದು ಪೊಸಿಲೋಥೀರಿಯಾ ಮೆಟಾಲಿಕಾ ಎಂಬ ನೀಲಿ ಜೇಡ. ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ಮಾದರಿಯನ್ನು ಆಧರಿಸಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ಇದನ್ನು ವಿವರಿಸಿದರು. ಅದರ ನೆಲೆಯಿರುವುದು ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಎಲೆಯುದುರುವ ಕಾಡಿನಲ್ಲಿ ಎಂಬುದು ತಿಳಿದದ್ದು ಒಂದು ಶತಮಾನ ಕಳೆದ ಮೇಲೆ.

ಕಾಡಿನಲ್ಲಿ ಹಗಲೆಲ್ಲ ಪೊಟರೆಯೊಳಗೆ ಅಡಗಿ ರಾತ್ರಿ ಮಾತ್ರ ಹೊರಬರುವ ಈ ಜೀವಿಗೆ ಬೇಕಾದುದು ಅಗಲಕ್ಕಿಂತ ಎತ್ತರ ಹೆಚ್ಚಿರುವ ಪೆಟ್ಟಿಗೆ, ಅದರೊಳಗೆ ನೆಟ್ಟಗೆ ನಿಲ್ಲಿಸಿದ ಕಾರ್ಕ್ ತೊಗಟೆಯ ಕೊಳವೆ, ತಳದಲ್ಲಿ ತೆಂಗಿನ ನಾರಿನ ಪುಡಿ ಮತ್ತು ಒಂದು ನೀರಿನ ಬಟ್ಟಲು. ತೇವ ಬೇಕೆಂದು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿಡುವವರು ಗಾಳಿಯನ್ನು ಮರೆಯುತ್ತಾರೆ; ನಿಂತ ಗಾಳಿಯಲ್ಲಿ ಬೂಷ್ಟು ಬೆಳೆಯುತ್ತದೆ, ಜೇಡ ಸೊರಗುತ್ತದೆ. ಎದುರುಬದುರು ಗೋಡೆಗಳಲ್ಲಿ ರಂಧ್ರಗಳಿದ್ದು, ತಳದ ಒಂದು ಬದಿಗೆ ಆಗಾಗ ನೀರು ಹನಿಸಿದರೆ ಸಾಕು.

ಪ್ರದರ್ಶನಕ್ಕೆಂದು ಇದನ್ನು ಕೊಳ್ಳುವವರಿಗೆ ನಿರಾಶೆಯೇ ಗತಿ. ಚೆನ್ನಾಗಿ ನೆಲೆಯೂರಿದ ಜೇಡ ಕಾಣಿಸದೆ ಇರುತ್ತದೆ. ಹಗಲಲ್ಲಿ ಸದಾ ಗಾಜಿಗೆ ಅಂಟಿಕೊಂಡಿದ್ದರೆ ಪೆಟ್ಟಿಗೆಯ ಏರ್ಪಾಟಿನಲ್ಲೇ ದೋಷವಿರಬಹುದೆಂದು ನಾನು ಶಂಕಿಸುತ್ತೇನೆ. ಕಣ್ಣು ಸೆಳೆಯುವ ಆ ನೀಲಿಯೂ ವರ್ಣದ್ರವ್ಯದಿಂದ ಬಂದದ್ದಲ್ಲ, ರೋಮಗಳ ಅತಿಸೂಕ್ಷ್ಮ ರಚನೆಯಿಂದ ಬಂದದ್ದು. ಎಳೆಯ ಮರಿಗಳಲ್ಲಿ ಅದು ಅಷ್ಟಾಗಿ ಕಾಣದು.

ಪೊರೆ ಕಳಚುವ ಮುನ್ನ ಅದು ಆಹಾರ ಮುಟ್ಟುವುದಿಲ್ಲ. ಆಗ ಒಳಗೆ ಉಳಿದ ಜಿರಲೆ ಅಥವಾ ಚಿಮ್ಮಂಡೆಯನ್ನು ತೆಗೆದುಬಿಡಬೇಕು, ಏಕೆಂದರೆ ಮೈ ಮೆತ್ತಗಿರುವ ಜೇಡವನ್ನು ಆ ಕೀಟವೇ ಕಚ್ಚಬಲ್ಲದು. ಬಿಳಿಯಾಗಿದ್ದ ಕೋರೆಗಳು ಕಪ್ಪಾಗಿ ಗಟ್ಟಿಯಾಗುವವರೆಗೆ ಮತ್ತೆ ಉಣಿಸಬಾರದು.

ಅಮೆರಿಕ ಖಂಡಗಳ ಹಲವು ಟ್ಯಾರಂಟುಲಾಗಳಂತೆ ತುರಿಕೆಯ ರೋಮಗಳನ್ನು ಉದುರಿಸಿ ತನ್ನನ್ನು ಕಾಪಾಡಿಕೊಳ್ಳುವ ದಾರಿ ಇದಕ್ಕಿಲ್ಲ. ಓಟ, ಅದು ಸಾಲದಿದ್ದರೆ ಕಡಿತ. ಓಟ ಕಣ್ಣಿಗೆ ನಿಲುಕದಷ್ಟು ವೇಗದ್ದು, ಕಡಿತವೋ ತೀವ್ರ ನೋವನ್ನೂ ಸ್ನಾಯು ಸೆಳೆತವನ್ನೂ ತರುವಂಥದ್ದು. ಆದುದರಿಂದ ಬರಿಗೈಯಲ್ಲಿ ಹಿಡಿಯುವ ಮಾತೇ ಬೇಡ. ಉದ್ದನೆಯ ಚಿಮಟವೂ ಮುಚ್ಚಿ ಹಿಡಿಯಲು ಒಂದು ಡಬ್ಬಿಯೂ ಕೈಗೆಟಕುವಂತಿರಲಿ.

ಇಡೀ ಪೊಸಿಲೋಥೀರಿಯಾ ಕುಲವನ್ನು 2019ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದ್ದರಿಂದ, ಗಡಿ ದಾಟಿಸಲು ಈಗ ಅನುಮತಿಪತ್ರ ಬೇಕು. ಸೆರೆಯಲ್ಲಿ ಹುಟ್ಟಿದ ಮರಿಯನ್ನೇ, ಅದೂ ದಾಖಲೆ ನೋಡಿಯೇ ಪಡೆಯಬೇಕೆಂಬುದು ನನ್ನ ನಿಲುವು. ಆದರೆ ಅಂಥ ಸಾಕಣೆಯನ್ನು ಸಂರಕ್ಷಣೆ ಎಂದು ಕರೆಯಲು ನಾನು ಒಪ್ಪಲಾರೆ: ಸೌದೆಗೂ ಮರಮಟ್ಟಿಗೂ ಪೊಟರೆಯಿರುವ ಹಳೆಯ ಮರಗಳು ಉರುಳುತ್ತಿರುವ ಕಾಡಿಗೆ ಗಾಜಿನ ಪೆಟ್ಟಿಗೆಯ ಮರಿಗಳಿಂದ ಸಿಗುವ ನೆರವು ಏನೂ ಇಲ್ಲ.