ಕೊಲೋಮಾದಲ್ಲಿ ಈಗಲೂ ಚಿನ್ನ ಸಿಗುತ್ತದೆಯೇ?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದು. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿ. ಅಲ್ಲಿನ ಚಿನ್ನದ ಹುಚ್ಚು ಶುರುವಾದ ಕೊಲೋಮಾ ಹಳ್ಳಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ.

ಸಿಗುತ್ತದೆ. ಮೂಗುತಿಯ ತಿರುಪಿಗೂ ಸಾಲದಷ್ಟು.

ಅಮೆರಿಕನ್ ನದಿಯ ದಕ್ಷಿಣ ಕವಲಿನಲ್ಲಿ, ಉದ್ಯಾನದವರು ಗುರುತು ಮಾಡಿಕೊಟ್ಟ ದಂಡೆಯಲ್ಲಷ್ಟೇ ಹುಡುಕಬೇಕು. ತಟ್ಟೆ ಮತ್ತು ಬರಿಗೈ ಸಾಕು, ಸಲಿಕೆ ತರುವಂತಿಲ್ಲ. ನಾನು ಅರ್ಧ ಗಂಟೆ ನೀರಿನಲ್ಲಿ ಪರದಾಡಿದ್ದನ್ನು ನೋಡಿ ಸಾಕಾಗಿ, ಜೊತೆಗೆ ಬಂದಿದ್ದ ಅಮ್ಮ ತಟ್ಟೆ ಕಿತ್ತುಕೊಂಡರು. ಅಕ್ಕಿ ಗಾಳಿಸಿದ ಕೈಯಲ್ಲವೇ! ತುಸು ಓರೆ ಮಾಡಿ ತುಳುಕಿಸಿದರೆ ಮರಳು ಅಂಚು ದಾಟಿ ಹರಿದುಹೋಯಿತು, ತಳದಲ್ಲಿ ಕಪ್ಪು ಮರಳಿನ ಗೆರೆ ಉಳಿಯಿತು. ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರವಾದರೆ ಚಿನ್ನ 19 ಪಟ್ಟು. ಅದು ಸುಲಭಕ್ಕೆ ತೇಲಿಹೋಗದು. ಕಪ್ಪು ಗೆರೆಯಲ್ಲಿ ಒಂದು ಚುಕ್ಕೆ ಕಂಡಿತು. ಕೈ ಅಡ್ಡ ಹಿಡಿದು ನೆರಳು ಮಾಡಿದೆವು. ಕಾಗೆಬಂಗಾರವಾಗಿದ್ದರೆ ಮಂಕಾಗುತ್ತಿತ್ತು, ಇದು ಆಗಲಿಲ್ಲ.

“ಅಕ್ಕಿಯಾದರೆ ತಳದ್ದನ್ನು ಚೆಲ್ಲುತ್ತೇವೆ, ಇಲ್ಲಿ ಎಲ್ಲ ತಲೆಕೆಳಗು,” ಎಂದರು ಅಮ್ಮ. (ನಮ್ಮ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಯ ನಂತರ ಮರಳು ತೊಳೆದು ಚಿನ್ನ ಹುಡುಕುವ ಜಾಲಗಾರರು ಮಾಡುತ್ತಿದ್ದದ್ದೂ ಇದನ್ನೇ.)

1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್‌ಗೆ ಚಿನ್ನ ಕಂಡದ್ದು ಇದೇ ನದಿಯ ದಂಡೆಯಲ್ಲಿ. ಆತ ಜಮೀನುದಾರ ಜಾನ್ ಸಟರ್‌ಗಾಗಿ ಮರ ಕೊಯ್ಯುವ ಗಿರಣಿ ಕಟ್ಟಿಸುತ್ತಿದ್ದ. ನೀರು ಹೊರಹೋಗುವ ಕಾಲುವೆಯಲ್ಲಿ ಚೂರು ಹೊಳೆಯಿತು. ಕೆಲಸಗಾರರಿಗೆ ಅಡುಗೆ ಮಾಡುತ್ತಿದ್ದ ಜೆನ್ನಿ ವಿಮ್ಮರ್ ಅದನ್ನು ಸಾಬೂನು ಕಾಯಿಸುವ ಕ್ಷಾರದಲ್ಲಿ ಹಾಕಿ ಕುದಿಸಿ ನೋಡಿದರು. ಬಣ್ಣ ಕೆಡಲಿಲ್ಲ. ಒಂಬತ್ತು ದಿನಗಳ ಬಳಿಕ ಮೆಕ್ಸಿಕೊ ಈ ಸೀಮೆಯನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು, ಕೈಬಿಡುತ್ತಿರುವುದೇನೆಂದು ತಿಳಿಯದೆ. ಈ ಕಣಿವೆಯ ಮೂಲ ನಿವಾಸಿಗಳಾದ ನಿಸೆನಾನ್ ಜನರನ್ನಂತೂ ಯಾರೂ ಕೇಳಲಿಲ್ಲ. ಅವರ ‘ಕುಲ್ಲುಮಾ’, ಅಂದರೆ ಚೆಲುವಿನ ಕಣಿವೆ, ಊರಿನ ಹೆಸರಾಗಿ ಮಾತ್ರ ಉಳಿಯಿತು.

ಸುದ್ದಿ ಕೇಳಿ ಚಿನ್ನಕ್ಕಾಗಿ ಜನ ಮುಗಿಬಿದ್ದರು, ಮೇಲಿನ ಪದರದ ಚಿನ್ನ ಮುಗಿಯುತ್ತಲೇ ಬಂದವರು ಬಂದಂತೆ ಹೊರಟರು. 1857ರಲ್ಲಿ ಜಿಲ್ಲಾಡಳಿತವೂ ಪ್ಲೇಸರ್‌ವಿಲ್‌ಗೆ ಹೋಯಿತು. ಈಗ ಊರಿನ ಬಹುಭಾಗ ಉದ್ಯಾನ. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ರಬ್ಬರ್ ದೋಣಿಗಳ ಜಾತ್ರೆ.

ಗುಡ್ಡದ ಮೇಲೆ ಮಾರ್ಷಲ್‌ನ ಪ್ರತಿಮೆಯಿದೆ, ಚಿನ್ನ ಸಿಕ್ಕ ಜಾಗಕ್ಕೆ ಬೊಟ್ಟು ಮಾಡಿ ನಿಂತಿದ್ದಾನೆ. “ಇವನಿಗೆಷ್ಟು ಸಿಕ್ಕಿತು?” ಎಂದು ಅಮ್ಮ ಕೇಳಿದರು. ರಾಜ್ಯ ಸರ್ಕಾರ 1872ರಲ್ಲಿ ಕೊಟ್ಟ ಪಿಂಚಣಿ 1878ಕ್ಕೆ ನಿಂತಿತು, 1885ರಲ್ಲಿ ಬಡತನದಲ್ಲೇ ಸತ್ತ, ಪ್ರತಿಮೆ ಎದ್ದದ್ದು 1890ರಲ್ಲಿ ಎಂದೆ. ಅಮ್ಮ ಏನೂ ಹೇಳಲಿಲ್ಲ.

ನಮ್ಮ ಚುಕ್ಕೆ ಗಾಜಿನ ಕುಪ್ಪಿಯ ನೀರಿನಲ್ಲಿದೆ. ಕುಪ್ಪಿಗೆ ಕೊಟ್ಟ ದುಡ್ಡು ಲೆಕ್ಕ ಹಾಕಿದರೆ ನಷ್ಟವೇ.